ಬೆಳ್ಳಿ ದುಬಾರಿ: 960, ಕಂಚು, ತಾಮ್ರದ ಕ್ಲೇ ಕಡೆ ಹೊರಳುವವರಿಗೆ

ಕುಲುಮೆಕಟ್ಟೆ (ನಿರ್ವಾಹಕ)

ಲೋಹದ ಪುಡಿಯನ್ನು ನೀರು, ಬೈಂಡರ್ ಎಂಬ ಅಂಟಿನ ಜೊತೆ ಕಲಸಿದ ಮುದ್ದೆಯೇ ಮೆಟಲ್ ಕ್ಲೇ; ಆಕಾರ ಕೊಟ್ಟು ಸುಟ್ಟರೆ ಲೋಹ ಮಾತ್ರ ಉಳಿಯುತ್ತದೆ. ಅದರಲ್ಲಿ ಒಡವೆ ಮಾಡುವವರ ನಡುವೆ ಸದ್ಯ ಎರಡು ಸುದ್ದಿ ಓಡಾಡುತ್ತಿವೆ. ಎರಡಕ್ಕೂ ನಂಟಿರುವುದರಿಂದ ಒಂದೇ ಎಳೆಯಲ್ಲಿ ಮಾತಾಡೋಣ.

ಮೊದಲನೆಯದು ಬೆಲೆ. 2025ರ ಅಕ್ಟೋಬರಿನಲ್ಲಿ ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಬೆಳ್ಳಿ ಔನ್ಸಿಗೆ 50 ಡಾಲರ್ ದಾಟಿತು. 1980ರಲ್ಲೂ 2011ರಲ್ಲೂ ಆ ಗೆರೆಯ ಹತ್ತಿರ ಹೋಗಿ ಬಿದ್ದದ್ದು ಹಳಬರಿಗೆ ನೆನಪಿರುತ್ತದೆ. 25 ಗ್ರಾಂ ಬೆಳ್ಳಿ ಕ್ಲೇ ಪ್ಯಾಕಿನಲ್ಲಿ ಹೆಚ್ಚುಕಡಿಮೆ 23 ಗ್ರಾಂ ಬೆಳ್ಳಿ, ಉಳಿದದ್ದು ನೀರು ಮತ್ತು ಬೈಂಡರ್. 50 ಡಾಲರ್ ಲೆಕ್ಕ ಹಿಡಿದರೂ ಬರೀ ಲೋಹಕ್ಕೆ 37 ಡಾಲರ್ ಆಯಿತು. ತಯಾರಿಕೆ, ಸಾಗಣೆ, ಸುಂಕ ಎಲ್ಲ ಅದರ ಮೇಲೆ.

ಎರಡನೆಯದು ಹಾಲ್‌ಮಾರ್ಕ್. 2025ರ ಸೆಪ್ಟೆಂಬರ್ 1ರಿಂದ ಭಾರತದಲ್ಲಿ ಬೆಳ್ಳಿ ಒಡವೆಗೂ ಎಚ್‌ಯುಐಡಿ ಸಂಖ್ಯೆಯ (ಪ್ರತಿ ಒಡವೆಗೂ ಬೇರೆಯಾದ ಗುರುತಿನ ಸಂಖ್ಯೆ) ಹಾಲ್‌ಮಾರ್ಕ್ ಬಂದಿದೆ. ಚಿನ್ನದ ಹಾಗೆ ಕಡ್ಡಾಯವಲ್ಲ, ಇಷ್ಟವಿದ್ದವರಿಗೆ. ಪರಿಷ್ಕೃತ ಮಾನಕದಲ್ಲಿ 958 ಮತ್ತು 999 ಎಂಬ ಎರಡು ದರ್ಜೆಗಳು (ಸಾವಿರ ಭಾಗದಲ್ಲಿ ಬೆಳ್ಳಿ ಎಷ್ಟು ಎಂಬ ಅಂಕಿ) ಹೊಸದಾಗಿ ಸೇರಿವೆ. ಇವೆರಡೂ ನಮಗೆ ನೇರವಾಗಿ ತಾಗುವ ಅಂಕಿಗಳು.

ಈ ನೂಕುನುಗ್ಗಲು ಹೊಸತೇನಲ್ಲ. ಮಿತ್ಸುಬಿಷಿ ಮೆಟೀರಿಯಲ್ಸ್‌ನ ಪಿಎಂಸಿ, ಐದಾ ಕೆಮಿಕಲ್‌ನ ಆರ್ಟ್ ಕ್ಲೇ ಎರಡೂ 1990ರ ದಶಕದ ಜಪಾನಿನ ಕೂಸುಗಳು, ಆಗ ಹೆಚ್ಚಿನವರದ್ದು ಬೆಳ್ಳಿಯೇ. 2008ರಲ್ಲಿ ಬಿಲ್ ಸ್ಟ್ರೂವ್ ಅವರ ಬ್ರಾಂಜ್‌ಕ್ಲೇ ಬಂತು, ಬೆನ್ನಿಗೇ ತಾಮ್ರದ್ದೂ ಬಂತು. 2011ರಲ್ಲಿ ಬೆಳ್ಳಿ ಏರಿದಾಗ ಕಂಚಿನ ಕಡೆ ಹೋದವರಲ್ಲಿ ಅನೇಕರು ಒಡೆದ ತುಂಡುಗಳನ್ನು ನೋಡಿ ಬೇಸತ್ತು ವಾಪಸ್ ಬಂದರು. ಅವರು ಲೋಹ ಬದಲಿಸಿದರು, ಸುಡುವ ಅಭ್ಯಾಸ ಬದಲಿಸಲಿಲ್ಲ. ಈ ಸಲ ಹಾಗಾಗದಿರಲಿ ಅಂತ ಈ ಎಳೆ. ನಿಮ್ಮ ಕಿಲ್ನ್ (ಸುಡುವ ಕುಲುಮೆ) ಯಾವುದು, ಗಾಳಿ ತಾಗದಂತೆ ತುಂಡನ್ನು ಹೂಳಲು ಯಾವ ಕಾರ್ಬನ್, ಎಷ್ಟು ದಪ್ಪ ಎಂದು ಹೇಳದೆ "ನನ್ನದು ಯಾಕೆ ಒಡೆಯಿತು" ಎಂದು ಕೇಳಬೇಡಿ. ಉತ್ತರ ಸಿಗುವುದಿಲ್ಲ.

---

ಮುತ್ತಿನ_ಮೂಗುತಿ

ಟಾರ್ಚ್ (ಗ್ಯಾಸ್ ಜ್ವಾಲೆಯ ಬರ್ನರ್) ಮಾತ್ರ ಇರುವವರ ಗತಿ? 960 ಕ್ಲೇಯನ್ನು ಟಾರ್ಚಿನಲ್ಲಿ ಸುಡಬಹುದೇ?

---

ಸಿಂಟರ್_ಸೋಮು

ಆಗುವುದಿಲ್ಲ. ಟಾರ್ಚ್ ಕೆಲಸ 999 ಬೆಳ್ಳಿಗೆ ಮಾತ್ರ, ಅದರಲ್ಲೂ ಪಿಎಂಸಿ3, ಆರ್ಟ್ ಕ್ಲೇ ಥರದ ಕಡಿಮೆ ಶಾಖದ ಕ್ಲೇಗೆ, ತುಂಡು 25 ಗ್ರಾಂ ಒಳಗಿದ್ದರೆ. ಪಿಎಂಸಿ3 ಕಿಲ್ನ್‌ನಲ್ಲಿ 600 ಡಿಗ್ರಿಗೆ 45 ನಿಮಿಷ, 700 ಡಿಗ್ರಿಗೆ 10 ನಿಮಿಷ ಸಾಕು ಎನ್ನುತ್ತದೆ. ಆ ಸಡಿಲಿಕೆ ಇರುವುದರಿಂದಲೇ ಟಾರ್ಚಿಗೆ ಒಗ್ಗುತ್ತದೆ. ಮೊದಲು ಹೊಗೆ, ಆಮೇಲೆ ಬೈಂಡರ್ ಉರಿದು ಸಣ್ಣ ಜ್ವಾಲೆ, ಆಮೇಲೆ ಮೈಯೆಲ್ಲ ನಸುಗಿತ್ತಳೆ ಕೆಂಪು. ಆ ಬಣ್ಣ ಬಂದ ಕ್ಷಣದಿಂದ ಗಡಿಯಾರ ನೋಡಿ ಕನಿಷ್ಠ 2 ನಿಮಿಷ, ದಪ್ಪಗಿದ್ದರೆ ಇನ್ನೂ ಹೆಚ್ಚು. ದೀಪ ಆರಿಸಿದ ಕೋಣೆಯಲ್ಲಿ ಮಾಡಿದರೆ ಬಣ್ಣ ಸರಿಯಾಗಿ ಕಾಣುತ್ತದೆ. ಮೈ ಮೇಲೆ ಕನ್ನಡಿಯಂಥ ಹೊಳಪು ಓಡಿದರೆ ಕರಗುತ್ತಿದೆ ಎಂದರ್ಥ, ತಕ್ಷಣ ಜ್ವಾಲೆ ಎತ್ತಿ.

960ರಲ್ಲಿ ಸಾವಿರಕ್ಕೆ 40 ಭಾಗ ತಾಮ್ರ. ಈಝಡ್960 ಎಂಬ 960 ಕ್ಲೇಯ ಸೂಚನೆ ಹೇಳುವುದು 913 ಡಿಗ್ರಿ, 2 ತಾಸು, ತೆರೆದ ಶೆಲ್ಫ್ ಮೇಲೆ, ಕಾರ್ಬನ್ ಇಲ್ಲದೆ. ಕೈಯಲ್ಲಿ ಟಾರ್ಚ್ ಹಿಡಿದು 2 ತಾಸು ಒಂದೇ ಶಾಖ ಕಾಯುವುದು ಯಾರಿಂದಲೂ ಆಗದ ಮಾತು. ಸುಟ್ಟಾಗ ಕುಗ್ಗುವಿಕೆ 10–11%.

ಇನ್ನೊಂದು. 600 ಡಿಗ್ರಿಯಲ್ಲಿ ಬೇಯುತ್ತದೆ ಎಂದ ಮಾತ್ರಕ್ಕೆ ಉಂಗುರ, ಬಳೆ, ಕೊಂಡಿಗಳನ್ನು 600ರಲ್ಲಿ ಸುಡಬೇಡಿ. ಕಲ್ಲು ಅಥವಾ ಗಾಜು ಒಳಗಿಲ್ಲದಿದ್ದರೆ ಯಾವ 999 ಬೆಳ್ಳಿ ಕ್ಲೇಯನ್ನಾದರೂ 900 ಡಿಗ್ರಿಗೆ 2 ತಾಸು ಸುಡಿ. ಕಣಗಳ ನಡುವಿನ ಸಂದು ಮುಚ್ಚಿಕೊಳ್ಳುವುದು ಅಲ್ಲೇ. ಕಡಿಮೆ ಶಾಖದ ತುಂಡು ನೋಡಲು ಚೆನ್ನಾಗಿಯೇ ಇರುತ್ತದೆ, ಬಗ್ಗಿಸಿದಾಗ ಮುರಿಯುತ್ತದೆ.

---

ಕಡಲತಡಿ

960ನಲ್ಲಿ ತಾಮ್ರವಿದ್ದರೂ ಕಾರ್ಬನ್ ಯಾಕೆ ಬೇಡ, ಸ್ಟರ್ಲಿಂಗ್ (925) ಕ್ಲೇಗೆ ಯಾಕೆ ಬೇಕು?

---

ಸಿಂಟರ್_ಸೋಮು

ತಾಮ್ರದ ಪ್ರಮಾಣ. ಕಣದ ಮೈಮೇಲೆ ಆಕ್ಸೈಡ್ ಪೊರೆ ಕಟ್ಟಿದರೆ ಪಕ್ಕದ ಕಣಕ್ಕೆ ಅಂಟುವುದಿಲ್ಲ. 925ರಲ್ಲಿ ಆ ಪೊರೆ ಅಡ್ಡಿ ಮಾಡುವಷ್ಟಿರುತ್ತದೆ. ಆದ್ದರಿಂದ ಹಳೆಯ ಪಿಎಂಸಿ ಸ್ಟರ್ಲಿಂಗ್‌ಗೆ ಎರಡು ಹಂತ: ಮೊದಲು ತೆರೆದ ಶೆಲ್ಫ್ ಮೇಲೆ 538 ಡಿಗ್ರಿ, 30 ನಿಮಿಷ, ಬೈಂಡರ್ ಹೋಗಲು, ಆಮೇಲೆ ಕಾರ್ಬನ್ನಿನೊಳಗೆ 816 ಡಿಗ್ರಿ, 30 ನಿಮಿಷ. 960ರಲ್ಲಿ ಆಕ್ಸೈಡ್ ಕಡಿಮೆ, ಅಡ್ಡಿಯೂ ಕಡಿಮೆ. ಮೇಲೆ ಕಟ್ಟಿದ ಕಪ್ಪು ಪಿಕಲ್‌ನಲ್ಲಿ (ಆಕ್ಸೈಡ್ ಕಳೆಯುವ ಆಮ್ಲದ ನೀರು) ಹೋಗುತ್ತದೆ. 960 ಎಂಬ ಅಂಕಿ ಹುಟ್ಟಿದ್ದೂ ಹೀಗೆಯೇ. 999 ಕ್ಲೇ ಮತ್ತು 925 ಕ್ಲೇಯನ್ನು ಸಮಸಮ ಕಲಸಿದರೆ 962 ಬರುತ್ತದೆ, ಒಂದೇ ಹಂತದಲ್ಲಿ ಬೇಯುತ್ತದೆ ಎಂದು ಕಲಾವಿದರು ಮೊದಲು ಕಂಡುಕೊಂಡರು. ತಯಾರಕರು ಅದನ್ನೇ ಪ್ಯಾಕ್ ಮಾಡಿದರು.

ಪಿಕಲ್‌ಗೆ ಸಿಟ್ರಿಕ್ ಆಸಿಡ್ ಸಾಕು, ಒಂದು ಲೋಟ ಬಿಸಿನೀರಿಗೆ ಒಂದು ದೊಡ್ಡ ಚಮಚ. ಹುಣಸೆಹಣ್ಣು ಪಾತ್ರೆಯ ಕಿಲುಬಿಗೆ ಸರಿ, ಸುಟ್ಟ ಪೊರೆಗೆ ಅದರ ಆಟ ನಡೆಯುವುದಿಲ್ಲ. ಕಬ್ಬಿಣದ ಚಿಮಟ ಅದ್ದಬೇಡಿ, ಬೆಳ್ಳಿಯ ಮೇಲೆ ತಾಮ್ರದ ಗುಲಾಬಿ ಲೇಪ ಕೂರುತ್ತದೆ. ಮುಖ್ಯವಾದದ್ದು: ಸುಟ್ಟ ಕ್ಲೇಯ ಒಳಗೆ ಸೂಕ್ಷ್ಮ ರಂಧ್ರಗಳಿರುತ್ತವೆ, ಆಮ್ಲ ಒಳಗೆ ಕೂತು ವಾರದ ಮೇಲೆ ಹಸಿರಾಗಿ ಹೊರಬರುತ್ತದೆ. ಪಿಕಲ್ ಆದಮೇಲೆ ಅಡಿಗೆ ಸೋಡಾ ನೀರಿನಲ್ಲಿ ಕುದಿಸಿ.

---

ಬಳೆಗಾರ್ತಿ

ಉಂಗುರದ ಅಳತೆಗೆ ಸೂತ್ರ ಬೇಕು. "ಎರಡು ಸೈಜ್ ದೊಡ್ಡದು ಮಾಡಿ" ಎನ್ನುವುದು ಕಂಚಿಗೆ ಹೊಂದುತ್ತಿಲ್ಲ.

---

ಅರ_ಮತ್ತು_ಅಡಿಗಲ್ಲು

ಹೊಂದುವುದಿಲ್ಲ, ಅದು 10–12% ಕುಗ್ಗುವ ಬೆಳ್ಳಿಯ ಲೆಕ್ಕ. ಸೈಜ್ ಸಂಖ್ಯೆ ಮರೆತು ಒಳವ್ಯಾಸವನ್ನು ಮಿಲಿಮೀಟರಿನಲ್ಲಿ ಹಿಡಿಯಿರಿ. ಬೇಕಾದ ವ್ಯಾಸವನ್ನು (1 − ಕುಗ್ಗುವಿಕೆ) ಇಂದ ಭಾಗಿಸಿ. 17.3 ಮಿ.ಮೀ. ಬೇಕು ಅನ್ನಿ. 12% ಕುಗ್ಗುವ ಬೆಳ್ಳಿಗೆ 17.3 ÷ 0.88 = 19.7 ಮಿ.ಮೀ. 20% ಕುಗ್ಗುವ ಕಂಚಿಗೆ 17.3 ÷ 0.80 = 21.6 ಮಿ.ಮೀ. ಶೇಕಡಾ 12 ಸೇರಿಸುವುದಲ್ಲ, ಭಾಗಿಸುವುದು; ಕಂಚಿನಲ್ಲಿ ಈ ವ್ಯತ್ಯಾಸ ಬೆರಳಿಗೆ ಗೊತ್ತಾಗುತ್ತದೆ. 20% ಸೇರಿಸಿದರೆ 20.8 ಬರುತ್ತದೆ, ಸುಟ್ಟ ಮೇಲೆ 16.6. ಕಿರುಬೆರಳಿಗೆ ಹಾಕಿಕೊಳ್ಳಬೇಕಷ್ಟೆ.

ಬೆಳ್ಳಿಗೆ ಸಿರಾಮಿಕ್ ರಿಂಗ್ ಪೆಲೆಟ್ ಸಿಗುತ್ತದೆ. ಅದನ್ನು ಒಳಗಿಟ್ಟು ಸುಟ್ಟರೆ ಅದಕ್ಕಿಂತ ಚಿಕ್ಕದಾಗುವುದಿಲ್ಲ. ಆದರೆ ಪೆಲೆಟ್ ನಂಬಿ ತೀರಾ ಚಿಕ್ಕದಾಗಿ ಮಾಡಿದರೆ ಲೋಹ ಕುಗ್ಗಲು ಜಾಗವಿಲ್ಲದೆ ಜೋಡಣೆಯಲ್ಲೇ ಸೀಳುತ್ತದೆ. ಜೋಡಣೆಯನ್ನು ನೇರಕ್ಕೆ ಕತ್ತರಿಸದೆ ಓರೆಗೆ ಕತ್ತರಿಸಿ ಒಂದರ ಮೇಲೊಂದು ಕೂರಿಸಿ.

ದಪ್ಪಕ್ಕೆ ಇಸ್ಪೀಟು ಎಲೆಗಳ ಲೆಕ್ಕ ಎಲ್ಲರಿಗೂ ಗೊತ್ತು, 4 ಎಲೆ ಅಂದರೆ ಸುಮಾರು 1 ಮಿ.ಮೀ. ಆದರೆ ದಪ್ಪವೂ ಕುಗ್ಗುತ್ತದೆ ಎಂಬುದನ್ನು ಮರೆಯುತ್ತಾರೆ. 999 ಬೆಳ್ಳಿ ಮೆದು, ಉಂಗುರಕ್ಕೆ 6 ಎಲೆಗಿಂತ ಕೆಳಗೆ ಹೋಗಬೇಡಿ. 960ರಲ್ಲಿ 5 ಸಾಕು. ಬೆಲೆಯ ಲೆಕ್ಕ ಹಾಕುವವರಿಗೆ ಉಳಿತಾಯ ಇರುವುದು ಇಲ್ಲಿ, ಗ್ರಾಂ ಬೆಲೆಯಲ್ಲಲ್ಲ.

---

ಕಡಲತಡಿ

ಕರಾವಳಿಯ ಮಳೆಗಾಲಕ್ಕೆ ಒಂದು ಟಿಪ್ಪಣಿ. ಒಣಗಿದೆ ಎಂದು ಕೈಗೆ ಅನ್ನಿಸುವುದಕ್ಕೂ ನಿಜವಾಗಿ ಒಣಗುವುದಕ್ಕೂ ಜೂನ್–ಜುಲೈನಲ್ಲಿ ಬಹಳ ದೂರ. ತುಂಡನ್ನು ಹಾಟ್‌ಪ್ಲೇಟ್ ಅಥವಾ ಫುಡ್ ಡಿಹೈಡ್ರೇಟರ್‌ನಲ್ಲಿ 60–80 ಡಿಗ್ರಿಯಲ್ಲಿಟ್ಟು, ಬೆಚ್ಚಗಿರುವಾಗಲೇ ತಣ್ಣನೆಯ ಕನ್ನಡಿ ಮೇಲಿಡಿ. ಎತ್ತಿದಾಗ ಕನ್ನಡಿಯಲ್ಲಿ ಮಂಜು ಕಂಡರೆ ಒಳಗೆ ನೀರಿದೆ. ಆ ನೀರು ಕಿಲ್ನ್‌ನಲ್ಲಿ ಆವಿಯಾಗಿ ಮೈ ಉಬ್ಬಿಸುತ್ತದೆ, ಇಲ್ಲವೇ ಸಿಡಿಸುತ್ತದೆ. ಒಣಗಿದ ಮೇಲೆ ಬಿಟ್ಟಿಟ್ಟರೆ ಮತ್ತೆ ತೇವ ಎಳೆದುಕೊಳ್ಳುತ್ತದೆ, ಸುಡುವ ದಿನ ಮತ್ತೊಮ್ಮೆ ಕನ್ನಡಿ ಪರೀಕ್ಷೆ ಮಾಡಿ.

---

ಬಿಸಿಲೂರು

ಕಲಬುರಗಿ ಕಡೆ ತೊಂದರೆ ಉಲ್ಟಾ. ಏಪ್ರಿಲ್‌ನಲ್ಲಿ ಫ್ಯಾನ್ ಕೆಳಗೆ ಕ್ಲೇ ಲಟ್ಟಿಸುವಷ್ಟರಲ್ಲೇ ಅಂಚು ಬಿರುಕು. ಕೈಗೆ ಆಲಿವ್ ಎಣ್ಣೆ ಸವರುವುದು ರೂಢಿ, ಆದರೆ ಎಣ್ಣೆ ಕ್ಲೇ ಒಳಗೆ ಮಡಿಚಿಕೊಂಡರೆ ಆ ಪದರ ಬೆಸೆಯುವುದಿಲ್ಲ. ಸುಟ್ಟ ಮೇಲೆ ಚಪಾತಿ ಪದರದಂತೆ ಬಿಟ್ಟುಕೊಳ್ಳುತ್ತದೆ. ಎಣ್ಣೆಗಿಂತ ಒದ್ದೆ ಬಟ್ಟೆಯ ಕೆಳಗೆ ಮುಚ್ಚಿಟ್ಟು ಬೇಕಾದಷ್ಟೇ ತೆಗೆಯುವುದು ಒಳ್ಳೆಯದು. ಬಿಗಿಯಾದ ಕ್ಲೇಗೆ ಒಂದೆರಡು ಹನಿ ಗ್ಲಿಸರಿನ್ ಕಲಸಿ ರಾತ್ರಿ ಬಿಡಿ. ಮತ್ತೆ, ಅಲ್ಯುಮಿನಿಯಂ ತಟ್ಟೆ, ಅಲ್ಯುಮಿನಿಯಂ ಫಾಯಿಲ್ ಬೆಳ್ಳಿ ಕ್ಲೇಗೆ ತಾಗಬಾರದು.

---

ಪಿಐಡಿ_ಪ್ರಿಯ

ಕಂಚಿಗೆ ಬರೋಣ. ಬಹುತೇಕ ಸಮಸ್ಯೆ ಕ್ಲೇಯದ್ದಲ್ಲ, ಕಿಲ್ನ್‌ನದ್ದು.

ಬ್ರಾಂಜ್‌ಕ್ಲೇ ಅಂದರೆ ತೂಕದಲ್ಲಿ 89 ಭಾಗ ತಾಮ್ರ, 11 ಭಾಗ ತವರ. ಇಂಥ ಕಂಚು ಬೆಳ್ಳಿಯ ಹಾಗೆ ಒಂದೇ ಅಂಕಿಗೆ ಕರಗುವುದಿಲ್ಲ. ಒಂದು ಶಾಖಕ್ಕೆ ಬೆವರಲು ಶುರುಮಾಡಿ ಇನ್ನೊಂದಕ್ಕೆ ಪೂರ್ತಿ ನೀರಾಗುತ್ತದೆ. ಸಿಂಟರ್ ಆಗುವ, ಅಂದರೆ ಕಣಗಳು ಪೂರ್ತಿ ಕರಗದೆ ಬೆಸೆದುಕೊಳ್ಳುವ ಶಾಖ ಆ ಬೆವರುವ ಗೆರೆಗೆ ಅಂಟಿಕೊಂಡೇ ಇದೆ. ಮೂಲ ಬ್ರಾಂಜ್‌ಕ್ಲೇ ವೇಳಾಪಟ್ಟಿ: ತಾಸಿಗೆ 140 ಡಿಗ್ರಿಯಂತೆ ಏರಿ 843 ಡಿಗ್ರಿ, ಅಲ್ಲಿ 3 ತಾಸು; ಒಟ್ಟು ಸುಮಾರು 9 ತಾಸು. ಫಾಸ್ಟ್‌ಫೈರ್ ಮಾದರಿಗೆ 829 ಡಿಗ್ರಿ, 2 ತಾಸು. ಬೆಳ್ಳಿಯಲ್ಲಿ 900 ಎಂದು ಹಾಕಿ 880 ಆದರೂ 920 ಆದರೂ ಒಡವೆ ಉಳಿಯುತ್ತದೆ. ಕಂಚಿನಲ್ಲಿ 20 ಡಿಗ್ರಿ ಕಡಿಮೆಯಾದರೆ ಬಿಸ್ಕತ್ತು, 20 ಹೆಚ್ಚಾದರೆ ಗುಳ್ಳೆ.

ಈಗ ಕಿಲ್ನ್ ಎಷ್ಟು ಸುಳ್ಳು ಹೇಳುತ್ತದೆ ನೋಡಿ. ಕಿಲ್ನ್‌ನೊಳಗಿನ ಶಾಖ ಅಳೆಯುವ ಸಾಮಾನ್ಯ ಕೆ-ಟೈಪ್ ಥರ್ಮೊಕಪಲ್‌ಗೆ 0.75% ತಪ್ಪು ಅನುಮತಿಸಲಾಗಿದೆ. 840 ಡಿಗ್ರಿಯಲ್ಲಿ ಅದೇ 6 ಡಿಗ್ರಿ, ಹೊಸದರಲ್ಲೇ. ಹಳತಾದಂತೆ ಹೆಚ್ಚುತ್ತದೆ. ಬಾಗಿಲ ಹತ್ತಿರ ತಂಪು, ಹಿಂಬದಿ ಬಿಸಿ. ಜೊತೆಗೆ ಸ್ಟೀಲ್ ಡಬ್ಬ, ಅದರೊಳಗೆ ಕಾರ್ಬನ್; ಡಬ್ಬದ ನಡುಭಾಗಕ್ಕೆ ಶಾಖ ಮುಟ್ಟುವುದು ಡಿಸ್‌ಪ್ಲೇ ತೋರಿಸಿದ ಎಷ್ಟೋ ಹೊತ್ತಿನ ಮೇಲೆ.

ಆದ್ದರಿಂದ ಒಡವೆಗೆ ಮೊದಲು ಪಟ್ಟಿ ಸುಡಿ. 50 × 10 ಮಿ.ಮೀ., 6 ಎಲೆ ದಪ್ಪದ 3 ಪಟ್ಟಿ. ಒಣಗಿದ ಮೇಲೆ ಪ್ರತಿಯೊಂದರಲ್ಲಿ 40 ಮಿ.ಮೀ. ಅಂತರಕ್ಕೆ ಎರಡು ಗೀರು. ಡಬ್ಬದ ಮುಂದೆ ಒಂದು, ನಡುವೆ ಒಂದು, ಹಿಂದೆ ಒಂದು. ಸುಟ್ಟು ತಣ್ಣಗಾದ ಮೇಲೆ ಗೀರುಗಳ ನಡುವೆ ಅಳೆಯಿರಿ: 32 ಮಿ.ಮೀ. ಆಸುಪಾಸು ಬಂದರೆ 20% ಕುಗ್ಗಿದೆ, ಬೆಂದಿದೆ. 35 ಇದ್ದರೆ ಬೆಂದಿಲ್ಲ. ಆಮೇಲೆ ವೈಸ್‌ನಲ್ಲಿ ಹಿಡಿದು 90 ಡಿಗ್ರಿ ಬಗ್ಗಿಸಿ. ಬಗ್ಗಿದರೆ ಸರಿ. ತಟ್ಟನೆ ಮುರಿದರೆ ಮುರಿದ ಮುಖ ನೋಡಿ. ಕಪ್ಪುಬೂದು ಪುಡಿಪುಡಿ ಇದ್ದರೆ ಬೈಂಡರ್ ಪೂರ್ತಿ ಹೋಗಿಲ್ಲ. ಕೆಂಪು ಮಣ್ಣಿನ ಬಣ್ಣವಿದ್ದರೆ ಗಾಳಿ ನುಗ್ಗಿ ಆಕ್ಸೈಡ್ ಆಗಿದೆ. ಬಂಗಾರದ ಬಣ್ಣವಿದ್ದೂ ಹರಳುಹರಳಾಗಿದ್ದರೆ ಶಾಖ ಅಥವಾ ಹೊತ್ತು ಸಾಲಲಿಲ್ಲ. ಮೂರಕ್ಕೂ ಮದ್ದು ಬೇರೆಬೇರೆ. ಎಲ್ಲದಕ್ಕೂ "10 ಡಿಗ್ರಿ ಹೆಚ್ಚಿಸಿ" ಎಂದು ಸಲಹೆ ಕೊಡುವವರನ್ನು ನಂಬಬೇಡಿ.

ಮುಂದಿನ ಪಟ್ಟಿ ಒಡೆದು ಹಿಂದಿನದು ಬಗ್ಗಿದರೆ ನಿಮ್ಮ ಕಿಲ್ನ್‌ನಲ್ಲಿ ಉಪಯೋಗಿಸಬಹುದಾದ ಜಾಗ ಎಷ್ಟು ಎಂಬುದು ಅಲ್ಲಿಗೆ ಗೊತ್ತಾಯಿತು. ಬಾಗಿಲ ಕಡೆಯ 4–5 ಸೆಂ.ಮೀ. ಬಿಟ್ಟುಬಿಡಿ.

---

ಬಳೆಗಾರ್ತಿ

ಥರ್ಮೊಕಪಲ್ ತಪ್ಪೆಷ್ಟು ಎಂದು ಮನೆಯಲ್ಲೇ ನೋಡಲು ದಾರಿ?

---

ಪಿಐಡಿ_ಪ್ರಿಯ

999 ಬೆಳ್ಳಿ ತಂತಿಯ ಸಣ್ಣ ಚೂರನ್ನು ಸಿರಾಮಿಕ್ ತುಂಡಿನ ಮೇಲಿಟ್ಟು ಕಾರ್ಬನ್ ಇಲ್ಲದೆ ಕಾಯಿಸಿ. 940ರಲ್ಲಿ 10 ನಿಮಿಷ ನಿಲ್ಲಿಸಿ ನೋಡಿ, 5 ಡಿಗ್ರಿ ಏರಿಸಿ ಮತ್ತೆ ನೋಡಿ. ಗುಂಡಾದ ಕಡೆ ನಿಜವಾದ ಶಾಖ 961.8. ಡಿಸ್‌ಪ್ಲೇ ಜೊತೆ ವ್ಯತ್ಯಾಸವನ್ನು ಕಂಟ್ರೋಲರ್‌ನ ಆಫ್‌ಸೆಟ್‌ಗೆ ಹಾಕಿ.

---

ಸಿಂಟರ್_ಸೋಮು

ಸಣ್ಣ ತಿದ್ದುಪಡಿ. 961.8 ಎಂಬುದು ಆಮ್ಲಜನಕ ತಾಗದ ಬೆಳ್ಳಿಗೆ. ತೆರೆದ ಗಾಳಿಯಲ್ಲಿ ಬೆಳ್ಳಿ ಆಮ್ಲಜನಕ ಹೀರಿ ಕೆಲವು ಡಿಗ್ರಿ ಮೊದಲೇ ಕರಗುತ್ತದೆ, 955ರ ಸುತ್ತ ಎಂದು ಹಿಡಿಯಿರಿ. ಕಂಚಿನ ಕೆಲಸಕ್ಕೆ ಆರೇಳು ಡಿಗ್ರಿ ಅಂದರೆ ಸುಮ್ಮನಲ್ಲ.

---

ಪಿಐಡಿ_ಪ್ರಿಯ

ಒಪ್ಪಿದೆ, 955 ಅಂತಲೇ ಇಟ್ಟುಕೊಳ್ಳಿ. ಅಳತೆ ಮಾಡಿದರೂ ಪಟ್ಟಿ ಪರೀಕ್ಷೆ ತಪ್ಪಿಸುವ ಹಾಗಿಲ್ಲ, ಇದು ಡಬ್ಬದೊಳಗಿನ ಶಾಖ ಹೇಳುವುದಿಲ್ಲ.

ಭಾರತದಲ್ಲಿ ಕಿಲ್ನ್ ಕೇಳುವವರಿಗೆ: ದಂತವೈದ್ಯ ಲ್ಯಾಬ್‌ಗಳ ಬರ್ನ್‌ಔಟ್ ಫರ್ನೇಸ್ ಅಥವಾ ಕಾಲೇಜು ಲ್ಯಾಬ್‌ಗಳಿಗೆ ಮಾಡುವ ಮಫಲ್ ಫರ್ನೇಸ್ ಸಾಕು, ಆದರೆ ಕಂಟ್ರೋಲರ್‌ನಲ್ಲಿ ಏರುವ ವೇಗ ಮತ್ತು ಹಿಡಿತದ ಹೊತ್ತು ಎರಡನ್ನೂ ಹೊಂದಿಸಲು ಬರಬೇಕು. ಬರೀ ಶಾಖ ಹಾಕುವ ಗುಂಡಿ ಇರುವುದು ಬೆಳ್ಳಿಗೆ ನಡೆಯುತ್ತದೆ, ಕಂಚಿಗೆ ಬೇಡ. ಅಮೆರಿಕದ 120 ವೋಲ್ಟ್ ಕಿಲ್ನ್ ಅಗ್ಗಕ್ಕೆ ಸಿಕ್ಕಿತೆಂದು ತರಿಸಿದರೆ ಟ್ರಾನ್ಸ್‌ಫಾರ್ಮರ್ ಬೆಲೆ ಅದನ್ನು ನುಂಗುತ್ತದೆ. 3 ಕಿಲೋವ್ಯಾಟ್ ಅಂದರೆ 13 ಆಂಪಿಯರ್. 16 ಆಂಪಿಯರ್ ಸಾಕೆಟ್, ಪ್ರತ್ಯೇಕ ಎಂಸಿಬಿ.

ವೋಲ್ಟೇಜ್ ವಿಷಯ ಯಾರೂ ಹೇಳುವುದಿಲ್ಲ. ಸಂಜೆ 230 ಇದ್ದದ್ದು 190ಕ್ಕೆ ಇಳಿದರೆ ಶಕ್ತಿ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ: 3000 ವ್ಯಾಟ್ ಫರ್ನೇಸ್ 2050ಕ್ಕೆ ಬರುತ್ತದೆ. ಏರುವ ವೇಗ ಸಾಲದೆ ಹಿಂದೆ ಬೀಳುತ್ತದೆ, ಆದರೆ ಕೆಲವು ಕಂಟ್ರೋಲರ್‌ಗಳು ಶಾಖ ಮುಟ್ಟದಿದ್ದರೂ ಗಡಿಯಾರ ಓಡಿಸಿಬಿಡುತ್ತವೆ. 3 ತಾಸು ಹಿಡಿದಿದೆ ಎಂದು ನೀವು ಅಂದುಕೊಂಡದ್ದು ಒಂದೂವರೆ ತಾಸು ಆಗಿರಬಹುದು. ಮೆನುವಿನಲ್ಲಿ ಹೋಲ್ಡ್‌ಬ್ಯಾಕ್ ಅಥವಾ ಗ್ಯಾರಂಟೀಡ್ ಸೋಕ್ ಎಂಬುದನ್ನು ಹುಡುಕಿ ಆನ್ ಮಾಡಿ. ಹಗಲಲ್ಲಿ ಸರಿ ಬರುವ ಕಂಚು ಸಂಜೆ ಒಡೆಯುತ್ತಿದ್ದರೆ ಮೊದಲು ಇಲ್ಲಿ ನೋಡಿ.

---

ಮುತ್ತಿನ_ಮೂಗುತಿ

ನಡುವೆ ಕರೆಂಟ್ ಹೋದರೆ?

---

ಪಿಐಡಿ_ಪ್ರಿಯ

ಬೆಳ್ಳಿ ಆದರೆ ಚಿಂತೆಯಿಲ್ಲ, ಮೊದಲಿಂದ ಸುಡಿ. ಕಾರ್ಬನ್ ಡಬ್ಬ ಆದರೆ ಬಾಗಿಲು, ಮುಚ್ಚಳ ಯಾವುದನ್ನೂ ತೆಗೆಯಬೇಡಿ. ಬಿಸಿಯಲ್ಲಿ ಗಾಳಿ ನುಗ್ಗಿದರೆ ಅರ್ಧ ಬೆಂದ ಕಂಚು ಒಳಗಿನವರೆಗೂ ಆಕ್ಸೈಡ್ ಆಗುತ್ತದೆ, ಅದನ್ನು ಮತ್ತೆ ಸುಟ್ಟು ಸರಿಮಾಡಲು ಬರುವುದಿಲ್ಲ. ಕರೆಂಟ್ ಬಂದಾಗ ಅದೇ ಡಬ್ಬವನ್ನು ಹಾಗೇ ಮತ್ತೆ ಏರಿಸಿ, ಹಿಡಿತದ ಹೊತ್ತು ಪೂರ್ತಿ ಕೊಡಿ.

---

ತೆಂಗಿನ_ಚಿಪ್ಪು

ಕಾರ್ಬನ್ ಬಗ್ಗೆ. ಹೊರದೇಶದ ಸೂಚನೆಗಳೆಲ್ಲ ತೆಂಗಿನ ಚಿಪ್ಪಿನ ಕಾರ್ಬನ್ ಅನ್ನುತ್ತವೆ. ತಿಪಟೂರಿನ ಸುತ್ತ ಚಿಪ್ಪಿಗೆ ಬರವಿಲ್ಲ. ಚಿಪ್ಪು ಸುಟ್ಟ ಇದ್ದಿಲನ್ನೇ ಕುಟ್ಟಿ ಬಳಸಬಾರದೇಕೆ?

---

ಅರ_ಮತ್ತು_ಅಡಿಗಲ್ಲು

ಇದ್ದಿಲು ಬೇರೆ, ಆಕ್ಟಿವೇಟೆಡ್ ಕಾರ್ಬನ್ ಬೇರೆ. ಚಿಪ್ಪಿನ ಇದ್ದಿಲನ್ನು ಬಹಳ ಹೆಚ್ಚಿನ ಶಾಖದಲ್ಲಿ ಆವಿ ಹಾಯಿಸಿ ರಂಧ್ರ ತೆರೆದರೆ ಆಕ್ಟಿವೇಟೆಡ್. ಮನೆಯ ಇದ್ದಿಲಿನಲ್ಲಿ ಡಾಂಬರಿನ ಅಂಶ ಉಳಿದಿರುತ್ತದೆ, ಹೊಗೆಯಾಡುತ್ತದೆ, ಬೂದಿ ಹೆಚ್ಚು, ಕಾಳು ಒಂದೇ ಸಮವಿಲ್ಲ. ದೊಡ್ಡ ಕಾಳಿನ ಮೂಲೆ ಮೆದುವಾದ ಕಂಚಿನ ಮೇಲೆ ಗುಳಿ ಬೀಳಿಸುತ್ತದೆ. ಕೇಳಬೇಕಾದದ್ದು: ತೆಂಗಿನ ಚಿಪ್ಪಿನ, ಆಸಿಡ್ ವಾಶ್ ಮಾಡಿದ, ಹರಳು ರೂಪದ ಆಕ್ಟಿವೇಟೆಡ್ ಕಾರ್ಬನ್, 12×40 ಮೆಶ್ (ಕಾಳಿನ ಗಾತ್ರದ ಅಳತೆ). ನೀರಿನ ಫಿಲ್ಟರಿನ ಕಾರ್ಬನ್ ತರುವುದಾದರೆ ಬೆಳ್ಳಿ ಲೇಪಿಸಿದ್ದಲ್ಲ ಎಂದು ಖಚಿತ ಮಾಡಿಕೊಳ್ಳಿ. ಪುಡಿ ರೂಪದ್ದು ಬೇಡ. ಕಲ್ಲಿದ್ದಲಿನ ಕಾರ್ಬನ್ನೂ ಕೆಲಸ ಮಾಡುತ್ತದೆ, ಆದರೆ ಅದರೊಳಗೆ ಶಾಖ ನಡೆಯುವ ರೀತಿ ಬೇರೆ. ಕಾರ್ಬನ್ ಬದಲಿಸಿದರೆ ಪಟ್ಟಿ ಪರೀಕ್ಷೆ ಮತ್ತೆ ಮೊದಲಿಂದ.

ತುಂಬುವ ಕ್ರಮ: ಸ್ಟೇನ್‌ಲೆಸ್ ಡಬ್ಬದ ಅಡಿಗೆ 2 ಸೆಂ.ಮೀ. ಕಾರ್ಬನ್, ತುಂಡುಗಳ ನಡುವೆ ಮತ್ತು ಗೋಡೆಯಿಂದ ಕನಿಷ್ಠ 1 ಸೆಂ.ಮೀ., ಮೇಲೆ 2 ಸೆಂ.ಮೀ., ಸಡಿಲ ಮುಚ್ಚಳ. ಡಬ್ಬದ ತಳ ಕಿಲ್ನ್ ನೆಲಕ್ಕೆ ತಾಗದಂತೆ ಕಾಲುಗಳ ಮೇಲಿಡಿ. ಪ್ರತಿ ಸುಡುವಿಕೆಗೂ ಮೇಲ್ಪದರ ಬೂದಿಯಾಗುತ್ತದೆ, ಆ ಬಿಳಿ ಬೂದಿ ತೆಗೆದು ಹೊಸದು ಸೇರಿಸಿ. ಬೂದಿ ಬೆರೆತ ಕಾರ್ಬನ್ ಗಾಳಿ ತಡೆಯುವುದಿಲ್ಲ, ಮೇಲಿನ ತುಂಡುಗಳು ಮೊದಲು ಕೆಡುತ್ತವೆ.

ಬೈಂಡರ್ ಮೊದಲೇ ಕಳೆಯುವುದಾದರೆ ತುಂಡನ್ನು ಕಾರ್ಬನ್ ಹಾಸಿನ ಮೇಲೆ ಮುಚ್ಚದೆ ಇಟ್ಟು ಹೊಗೆ ನಿಲ್ಲುವವರೆಗೆ ಕಾಯಿಸಿ, ತಣ್ಣಗಾದ ಮೇಲೆ ಹೂತು ಎರಡನೇ ಹಂತ. ಮೊದಲ ಹಂತ ಮುಗಿದ ತುಂಡು ಹಪ್ಪಳಕ್ಕಿಂತ ಪೊಳ್ಳು, ಬೆರಳಲ್ಲಿ ಎತ್ತಬೇಡಿ.

---

ಕಡಲತಡಿ

ಅಪಾರ್ಟ್‌ಮೆಂಟಿನವರು ಗಮನಿಸಿ: ಇದ್ದಿಲು ಆಗಲಿ ಆಕ್ಟಿವೇಟೆಡ್ ಆಗಲಿ, 840 ಡಿಗ್ರಿಯಲ್ಲಿ ಗಾಳಿ ಕಡಿಮೆಯಿರುವ ಡಬ್ಬದಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ವಾಸನೆಯಿಲ್ಲ, ಬಣ್ಣವಿಲ್ಲ. ಮಲಗುವ ಕೋಣೆಗೆ ಅಂಟಿದ ಯುಟಿಲಿಟಿಯಲ್ಲಿ ರಾತ್ರಿ ಹಚ್ಚಿ ಮಲಗುವುದು ಬೇಡವೇ ಬೇಡ. ಹೊರಗೆ ತಳ್ಳುವ ಫ್ಯಾನ್, ಕಾರ್ಬನ್ ಮೊನಾಕ್ಸೈಡ್ ಅಲಾರಂ ಎರಡೂ ಇರಲಿ.

---

ಕುಲುಮೆಕಟ್ಟೆ (ನಿರ್ವಾಹಕ)

ಮೇಲಿನದನ್ನು ಎಳೆಯ ತಲೆಗೆ ಪಿನ್ ಮಾಡಿದ್ದೇನೆ.

ತಾಮ್ರದ ಬಗ್ಗೆ ಚಿಕ್ಕದಾಗಿ. ಕಾಪರ್‌ಕ್ಲೇ ಕಾರ್ಬನ್ನಿನಲ್ಲಿ 930ರಿಂದ 980 ಡಿಗ್ರಿ, 3 ತಾಸು. ತಾಮ್ರ ಕರಗುವುದು 1085ಕ್ಕೆ, ಹಾಗಾಗಿ ಕಂಚಿನಷ್ಟು ಇಕ್ಕಟ್ಟಿಲ್ಲ. ಕಾರ್ಬನ್ ಇಲ್ಲದೆ ಸುಡಬೇಕೆಂದರೆ ಆರ್ಟ್ ಕ್ಲೇ ಕಾಪರ್: ಕಿಲ್ನ್ ಮೊದಲೇ 970ಕ್ಕೆ ಕಾದಿರಬೇಕು, ತುಂಡಿಟ್ಟು 30 ನಿಮಿಷ, ಬಿಸಿಯಲ್ಲೇ ನೀರಿಗೆ. ಕಪ್ಪು ಹಕ್ಕಳೆ ನೀರಿನಲ್ಲಿ ಕಳಚುತ್ತದೆ. ಸೂಕ್ಷ್ಮ ಕೆತ್ತನೆಗೆ ಇದು ಸಲ್ಲದು, ಹಕ್ಕಳೆಯ ಜೊತೆ ಗೆರೆಯೂ ಸ್ವಲ್ಪ ಹೋಗುತ್ತದೆ. ಕಲಿಯುವವರಿಗೆ ಮಾತ್ರ ಇದಕ್ಕಿಂತ ಅಗ್ಗದ ಶಾಲೆ ಇಲ್ಲ.

---

ಮುತ್ತಿನ_ಮೂಗುತಿ

ತಾಮ್ರದ ಮೇಲೆ ಬೆಳ್ಳಿ ಹೂವು ಕೂರಿಸಿ ಒಟ್ಟಿಗೆ ಸುಟ್ಟರೆ ಬೆಳ್ಳಿ ಉಳಿಯುತ್ತದಲ್ಲ?

---

ಸಿಂಟರ್_ಸೋಮು

ಕಾಸು ಉಳಿಯುತ್ತದೆ, ಒಡವೆ ಉಳಿಯುವುದಿಲ್ಲ. ಬೆಳ್ಳಿ 962ಕ್ಕೆ, ತಾಮ್ರ 1085ಕ್ಕೆ ಕರಗಿದರೂ ಎರಡೂ ತಾಗಿದ ಕಡೆ 779 ಡಿಗ್ರಿಗೇ ನೀರಾಗುತ್ತವೆ, 72 ಭಾಗ ಬೆಳ್ಳಿ 28 ಭಾಗ ತಾಮ್ರದ ಅನುಪಾತದಲ್ಲಿ. ಬೆಳ್ಳಿ ಹೂವು ತಾಮ್ರದೊಳಗೆ ಇಂಗಿ ಗುಳಿ ಮಾತ್ರ ಉಳಿಯುತ್ತದೆ. ಕಂಚಿನ ಜೊತೆಗೂ ಇದೇ ಕಥೆ. ಬೇರೆಬೇರೆ ಸುಟ್ಟು ರಿವೆಟ್ ಹೊಡೆಯಿರಿ, ಇಲ್ಲವೇ ಬೆಸುಗೆ ಹಾಕಿ. ರಿವೆಟ್ ತೂತನ್ನು ಒಣ ಕ್ಲೇಯಲ್ಲೇ ಕೊರೆಯುವಾಗ ಎರಡು ಲೋಹಗಳ ಕುಗ್ಗುವಿಕೆ ಬೇರೆ ಎಂಬುದು ನೆನಪಿರಲಿ. ಸುಟ್ಟ ಮೇಲೆ ಒಂದರ ತೂತಿನ ಮೂಲಕ ಇನ್ನೊಂದಕ್ಕೆ ಗುರುತು ಹಾಕಿ ಕೊರೆಯುವುದೇ ಸುರಕ್ಷಿತ.

ಬೆಳ್ಳಿ ಮತ್ತು ತಾಮ್ರದ ಕ್ಲೇಗೆ ಲಟ್ಟಣಿಗೆ, ಬ್ರಶ್, ಸ್ಯಾಂಡ್‌ಪೇಪರ್ ಕೂಡ ಬೇರೆ ಇಡಿ. ಬೆಳ್ಳಿಯ ಮೇಲೆ ಬಿದ್ದ ತಾಮ್ರದ ಒಂದು ಕಣ ಸುಟ್ಟಾಗ ಚುಕ್ಕೆಯಾಗಿ ಕೂರುತ್ತದೆ.

---

ಬರ್ಮಿಂಗ್‌ಹ್ಯಾಮ್_ಬೆಳ್ಳಿ

ಹಾಲ್‌ಮಾರ್ಕ್ ಬಗ್ಗೆ ಬ್ರಿಟನ್ನಿನ ಕಡೆಯಿಂದ. ಇಲ್ಲಿ 7.78 ಗ್ರಾಂ ದಾಟಿದ ಯಾವುದನ್ನೂ ಹಾಲ್‌ಮಾರ್ಕ್ ಇಲ್ಲದೆ ಬೆಳ್ಳಿ ಎಂದು ಮಾರುವಂತಿಲ್ಲ. ಲಂಡನ್, ಬರ್ಮಿಂಗ್‌ಹ್ಯಾಮ್, ಶೆಫೀಲ್ಡ್, ಎಡಿನ್‌ಬರೊ ನಾಲ್ಕು ಅಸ್ಸೇ (ಲೋಹದ ಶುದ್ಧತೆ ಪರೀಕ್ಷಿಸುವ) ಕಚೇರಿಗಳು. ದರ್ಜೆಗಳು 800, 925, 958, 999. ದರ್ಜೆ ಯಾವತ್ತೂ ಕೆಳಮುಖವಾಗಿ ಸಿಗುತ್ತದೆ: 960 ಕ್ಲೇಗೆ 958, ಅಂದರೆ ಬ್ರಿಟಾನಿಯಾ. 950 ಕ್ಲೇ 958 ಮುಟ್ಟುವುದಿಲ್ಲ, ಆದ್ದರಿಂದ 925. ಕ್ಲೇ ಕೊಳ್ಳುವಾಗ 10 ಅಂಕದ ವ್ಯತ್ಯಾಸ ಏನೂ ಅಲ್ಲ ಅನ್ನಿಸುತ್ತದೆ, ಮುದ್ರೆಯಲ್ಲಿ ಒಂದು ಇಡೀ ದರ್ಜೆ ದೂರವಾಗುತ್ತದೆ.

ಇನ್ನೊಂದು ಎಚ್ಚರ. 999 ತುಂಡಿಗೆ 925ರ ಕೊಂಡಿ ಬೆಸೆದರೆ ಇಡೀ ಒಡವೆ ಆ ಕೊಂಡಿಯ ದರ್ಜೆಗೆ ಇಳಿಯುವ ಸಂಭವವಿದೆ. 999ರ ಕೊಂಡಿಯನ್ನೇ ಕ್ಲೇಯಲ್ಲಿ ಹೂತು ಸುಡಿ. 900 ಡಿಗ್ರಿಯಲ್ಲಿ ಸುಡುವುದಾದರೆ 925ರ ಕೊಂಡಿ ಹೇಗೂ ಗಡುಸಾಗಿ ಮುರಿಯುತ್ತದೆ.

---

ಬಳೆಗಾರ್ತಿ

ಭಾರತದಲ್ಲೂ 958 ಬಂದಿರುವುದರಿಂದ 960 ಕ್ಲೇಗೆ ಅದೇ ತರ್ಕ ಹೊಂದುತ್ತದೆ ಅಲ್ಲವೇ? ಮನೆಯಲ್ಲಿ ಮಾಡಿ ಮಾರುವವರು ಸ್ವತಃ "958" ಎಂದು ಪಂಚ್ ಹೊಡೆಯಬಹುದೇ?

---

ಕುಲುಮೆಕಟ್ಟೆ (ನಿರ್ವಾಹಕ)

ತರ್ಕ ಹೊಂದುತ್ತದೆ, ಪಂಚ್ ಬೇಡ. ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಮುದ್ರೆ ಮತ್ತು ಎಚ್‌ಯುಐಡಿ ಬೀಳುವುದು ನೋಂದಾಯಿತ ಮಾರಾಟಗಾರರ ಮೂಲಕ, ಮಾನ್ಯತೆ ಪಡೆದ ಅಸ್ಸೇಯಿಂಗ್ ಕೇಂದ್ರದಲ್ಲಿ ಪರೀಕ್ಷೆಯಾದ ಮೇಲೆ. ಮಾಡಿಸಲು ಇಷ್ಟವಿಲ್ಲದಿದ್ದರೆ ಬಿಲ್ಲಿನಲ್ಲಿ "960 ಬೆಳ್ಳಿ ಕ್ಲೇಯಿಂದ ತಯಾರಿಸಿದ್ದು, ಹಾಲ್‌ಮಾರ್ಕ್ ಇಲ್ಲ" ಎಂದು ಬರೆದುಕೊಡಿ, ಕ್ಲೇ ಪ್ಯಾಕಿನ ಬ್ಯಾಚ್ ಸಂಖ್ಯೆ ನಿಮ್ಮ ಪುಸ್ತಕದಲ್ಲಿರಲಿ. ಕಂಚನ್ನು "ಆಂಟಿಕ್ ಗೋಲ್ಡ್" ಎಂದು ಮಾರುವವರ ಸಾಲಿಗೆ ನಾವು ಸೇರಬೇಕಿಲ್ಲ.

ಕೇಂದ್ರಕ್ಕೆ ಕೊಡುವ ಮೊದಲು ಎರಡು ಕೆಲಸ. ಪಿಕಲ್ ಆದ 960ರ ಮೈಮೇಲೆ ತಾಮ್ರ ಕಳೆದು ಬೆಳ್ಳಿ ಹೆಚ್ಚಿರುವ ತೆಳು ಪದರ ಇರುತ್ತದೆ, ಎಕ್ಸ್-ಕಿರಣ ಹಾಯಿಸಿ ಲೋಹದ ಪ್ರಮಾಣ ಅಳೆಯುವ ಎಕ್ಸ್‌ಆರ್‌ಎಫ್ ಯಂತ್ರ ಅದನ್ನೇ ಓದಿ ಹೆಚ್ಚಿನ ಅಂಕಿ ತೋರಿಸಬಹುದು. ಆ ಅಂಕಿ ನೋಡಿ 970 ಕೇಳಲು ಹೋಗಬೇಡಿ, ಕೆರೆದು ನೋಡಿದಾಗ ಬೀಳುತ್ತದೆ. ಎರಡನೆಯದು, ಮುದ್ರೆಗೆ ಒಂದು ನಯವಾದ ಸಮತಟ್ಟು ಜಾಗ ಕ್ಲೇ ಹಂತದಲ್ಲೇ ಬಿಡಿ, 6 × 3 ಮಿ.ಮೀ. ಆದರೂ. ಸುಟ್ಟ ಮೇಲೆ ಅರ ಹಾಕಿ ಸಮ ಮಾಡಿ, ಬರ್ನಿಶರ್‌ನಿಂದ ತೀಡಿ, ಇಲ್ಲವೇ ಸ್ಟೀಲ್ ಶಾಟ್ ಹಾಕಿದ ಟಂಬ್ಲರ್‌ನಲ್ಲಿ ಸೋಪು ನೀರಿನೊಂದಿಗೆ ಒಂದೆರಡು ತಾಸು ಉರುಳಿಸಿ. ರಂಧ್ರ ಮುಚ್ಚದ ಮೈಮೇಲೆ ಮುದ್ರೆಯ ಅಕ್ಷರ ಮಸುಕಾಗಿ ಬರುತ್ತದೆ.

---

ತೆಂಗಿನ_ಚಿಪ್ಪು

12×40 ಮೆಶ್ ಕಾರ್ಬನ್ ಸಣ್ಣ ಪ್ರಮಾಣದಲ್ಲಿ ಕೊಡುವವರು ಕಡಿಮೆ, 25 ಕಿಲೋ ಚೀಲವೇ ಮಾರುತ್ತಾರೆ. ಒಂದು ಡಬ್ಬಕ್ಕೆ ಎಷ್ಟು ಬೇಕಾಗುತ್ತದೆ?

---

ಅರ_ಮತ್ತು_ಅಡಿಗಲ್ಲು

15 × 15 × 8 ಸೆಂ.ಮೀ. ಡಬ್ಬ ಅಂದರೆ 1.8 ಲೀಟರ್. ಹರಳು ಕಾರ್ಬನ್ ಲೀಟರಿಗೆ ಅಂದಾಜು ಅರ್ಧ ಕಿಲೋ, ಹಾಗಾಗಿ ಒಂದು ಕಿಲೋ ಹತ್ತಿರ ತುಂಬುತ್ತದೆ. ಪ್ರತಿ ಸಲ ಸೇರಿಸುವುದು ಒಂದೆರಡು ಹಿಡಿ. ಐದಾರು ಮಂದಿ ಸೇರಿ ಒಂದು ಚೀಲ ಹಂಚಿಕೊಳ್ಳಿ, ಗಾಳಿಯಾಡದ ಡಬ್ಬದಲ್ಲಿಡಿ. ತೇವ ಹೀರಿದ ಕಾರ್ಬನ್‌ನಲ್ಲಿ ನೇರವಾಗಿ ಕಂಚು ಹೂತರೆ ಕನ್ನಡಿ ಪರೀಕ್ಷೆ ಮಾಡಿ ಒಣಗಿಸಿದ್ದೆಲ್ಲ ನೀರಲ್ಲಿ ಹೋಮ. ಹೊಸ ಚೀಲದ ಕಾರ್ಬನ್ ಆದರೆ ಮೊದಲು ಒಡವೆ ಇಡದೆ ಬರೀ ಅದನ್ನೇ ಡಬ್ಬದಲ್ಲಿ 200 ಡಿಗ್ರಿಗೆ ಒಂದು ತಾಸು ಕಾಯಿಸಿ ತೇವ ಕಳೆಯಿರಿ.